ಮಾವನ ಸಿಗಾರು, ಅತ್ತೆಯ ಮೂಗು

ನನ್ನ ಸೋದರಮಾವ ಮೂವತ್ತೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ದುಡಿದವರು. ಬದುಕಿದ್ದು ಮಾತ್ರ ಲಿಫ್ಟಿಲ್ಲದ ಕಟ್ಟಡದ ಐದನೇ ಮಹಡಿಯಲ್ಲಿ. "ಊರಿಗೆಲ್ಲ ಲಿಫ್ಟು, ನಮಗೆ ಮೆಟ್ಟಿಲು" ಎಂದು ಅತ್ತೆ ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತಾ ಹತ್ತುವಾಗ, ಎರಡನೇ ಮಹಡಿಯ ನಮ್ಮ ಮನೆಯ ಬಾಗಿಲಿಗೂ ಕೇಳಿಸುತ್ತಿತ್ತು. ಮಾವನಿಗೆ ಅದರ ಬೇಸರವಿರಲಿಲ್ಲ. ಐದನೇ ಮಹಡಿಯ ಮೇಲೆ ತಾರಸಿಯಿತ್ತು, ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿತ್ತು, ನೆರಳಿನಲ್ಲಿ ಎರಡು ಕಬ್ಬಿಣದ ಕುರ್ಚಿ ಮತ್ತು ಕಾಲು ಕುಂಟುವ ಒಂದು ಸ್ಟೂಲು. ಭಾನುವಾರ ಮಧ್ಯಾಹ್ನ ನಾಲ್ಕು ಹೊಡೆಯಿತೆಂದರೆ ಮಾವ ಸ್ನಾನ ಮಾಡಿ, ಒಗೆದ ಬನಿಯನ್ನು ತೊಟ್ಟು, ಅಲ್ಲಿ ಹಾಜರು. ಕೈಯಲ್ಲೊಂದು ಸಿಗಾರು. ಸ್ಟೂಲಿನ ಮೇಲೊಂದು ಲೋಟ.

ಸಿಗಾರೆಂದರೆ ನೀವು ಗಾಜಿನ ಕೊಳವೆಯಲ್ಲಿ ಬರುವಂಥದ್ದನ್ನು ನೆನೆಯಬೇಡಿ. ಬೀದಿಯ ಮೂಲೆಯಲ್ಲಿ ಡಬ್ಬಿಯಕ್ಕನ ಅಂಗಡಿ ಇದೆ. ಬೆಂಕಿಪೊಟ್ಟಣದಿಂದ ಹಿಡಿದು ಗುಂಡುಸೂಜಿಯವರೆಗೆ ಎಲ್ಲವನ್ನೂ ತಗಡಿನ ಡಬ್ಬಿಗಳಲ್ಲೇ ಇಡುವುದರಿಂದ ಅವಳಿಗೆ ಆ ಹೆಸರು. ಅವಳಲ್ಲಿ ಸಿಗುತ್ತಿದ್ದದ್ದು ಮೂರೇ ಬಗೆಯ ಸಿಗಾರು. ದೊಡ್ಡ ಕಾರ್ಖಾನೆಗಳಲ್ಲಿ ಒಳ್ಳೆಯ ಸಿಗಾರು ಸುತ್ತಿ ಉಳಿದ ಎಲೆಚೂರುಗಳನ್ನು ಒತ್ತಿ ತುಂಬಿದ ಬಡಪಾಯಿಗಳು. ಮಾವ ಮೂರಕ್ಕೂ ಹೆಸರಿಟ್ಟಿದ್ದರು. ಹೆಬ್ಬೆರಳಿನಷ್ಟೇ ಉದ್ದದ ಕಪ್ಪನೆಯದು ಮೊಂಡ. ಸೇದುವಾಗ ಚಟಪಟ ಎನ್ನುತ್ತಾ ನಾಲಿಗೆ ಚುರುಗುಟ್ಟಿಸುವುದು ಸಿಡುಕ. ತೆಳ್ಳಗೆ, ನಸುಗಂದು ಬಣ್ಣದಲ್ಲಿ, ಕೊನೆಯವರೆಗೂ ಒಂದೇ ಸಮ ಉರಿಯುವುದು ಸಂಭಾವಿತ.

"ಅಗ್ಗದ್ದು ಅಂತ ಮೂಗು ಮುರೀಬೇಡ" ಎಂದು ಒಮ್ಮೆ ನನಗೆ ಹೇಳಿದ್ದರು. "ಒಂಟಿಯಾಗಿ ಕೂರಿಸಿದ್ರೆ ಇವು ಮೂರೂ ಒರಟು ಮಾತಾಡ್ತವೆ. ಸರಿಯಾದ ಜೊತೆ ಕೊಟ್ಟು ನೋಡು, ಎಷ್ಟು ಚೆನ್ನಾಗಿ ಹೊಂದ್ಕೊಳ್ತವೆ."

ಜೊತೆಯೆಂದರೆ ಲೋಟದಲ್ಲಿರುವುದು. ಮೊಂಡನಿಗೆ ಚಿಟಿಕೆ ಉಪ್ಪು ಹಾಕಿದ ಕಪ್ಪು ಕಾಫಿ. ಸಿಡುಕನಿಗೆ ತಣ್ಣಗಿನ ಶುಂಠಿ ಸೋಡಾ. ಸಂಭಾವಿತನಿಗೆ ಬಿಸಿನೀರು ಬೆರೆಸಿದ ರಮ್ಮು, ಅದೂ ಎರಡು ಬೆರಳಿನಷ್ಟು. ಬೇಸಿಗೆಯಲ್ಲಿ ಬಿಯರು. ವಾರಕ್ಕೆ ಒಂದೇ ಸಿಗಾರು, ಒಂದೇ ಲೋಟ. ಇದಕ್ಕಿಂತ ಹೆಚ್ಚು ಮಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಲಿಫ್ಟಿನಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದ ವಕೀಲರೊಬ್ಬರನ್ನು ಮಾವ ಹೊರಗೆ ತೆಗೆದಾಗ, ಅವರು ಖುಷಿಯಿಂದ ತಮ್ಮ ಜೇಬಿನ ದುಬಾರಿ ಸಿಗಾರನ್ನೇ ಕೊಟ್ಟಿದ್ದರಂತೆ. ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗೇ ಇತ್ತು. ಆದ್ರೆ ಅದನ್ನ ಸೇದಿ ಮುಗಿಸೋವರೆಗೂ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದೆ. ಸೋಫಾ ಮೇಲೆ ಕೂತ ನೆಂಟನ ಥರ. ಯಾಕೆ ಬೇಕು ಆ ಪಾಡು?"

ಇನ್ನು ಅತ್ತೆ. ಅತ್ತೆ ಜನ್ಮದಲ್ಲಿ ಒಂದು ದಮ್ಮು ಎಳೆದವರಲ್ಲ. ಆದರೆ ತಾರಸಿಯ ಎರಡನೇ ಕುರ್ಚಿ ಅವರದ್ದು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ, ಹೊಗೆ ತಾಕದ ಕಡೆಗೆ ಕುರ್ಚಿ ಎಳೆದುಕೊಂಡು ಬಟಾಣಿ ಬಿಡಿಸುತ್ತಲೋ ಗುಂಡಿ ಹೊಲಿಯುತ್ತಲೋ ಕೂರುತ್ತಿದ್ದರು. ಅವರ ಕೆಲಸ ದೊಡ್ಡ ಲಾಂಡ್ರಿಯೊಂದರಲ್ಲಿ, ಬಟ್ಟೆಗಳ ಕಲೆ ತೆಗೆಯುವುದು. ಯಂತ್ರಕ್ಕೆ ಹೋಗುವ ಮೊದಲು ಪ್ರತಿ ಬಟ್ಟೆಯೂ ಅವರ ಮೇಜಿಗೆ ಬರಬೇಕು. ಕಲೆ ಯಾವುದರದ್ದೆಂದು ತಿಳಿಯದೆ ಔಷಧ ಹಾಕಿದರೆ ಬಟ್ಟೆಯೇ ಹಾಳು. ಬೇರೆಯವರು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅತ್ತೆ ಮೂಸುತ್ತಿದ್ದರು. ಚಹಾ, ಶಾಯಿ, ದಾಳಿಂಬೆ, ಮಗು ಕಕ್ಕಿದ ಹಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. "ಕಲೆ ತೆಗೆಯೋದೂ ಒಂದು ಕಲೆ" ಎಂಬುದು ಅವರ ಹೆಮ್ಮೆಯ ಮಾತು. ಅದನ್ನು ಎಷ್ಟು ಸಲ ಹೇಳಿದರೂ ಅವರೇ ಮೊದಲು ನಗುತ್ತಿದ್ದರು.

ಅವರಿಬ್ಬರ ಗುರುತಾಗಿದ್ದೂ ಆ ಮೇಜಿನ ಬಳಿಯೇ. ಮದುವೆಗೆ ಮುಂಚೆ ಮಾವ ತಮ್ಮ ಒಂದೇ ಒಂದು ಒಳ್ಳೆಯ ಅಂಗಿಯನ್ನು ಲಾಂಡ್ರಿಗೆ ತಂದಿದ್ದರು. ಮೇಜಿನ ಹಿಂದಿನ ಹುಡುಗಿ ಅದನ್ನು ಮೂಗಿನ ಬಳಿ ಹಿಡಿದಳು.

"ಇದು ಲಿಫ್ಟಿನ ಗ್ರೀಸು. ಇದು ಸಿಗಾರಿನ ಬೂದಿ. ಇದು ರಮ್ಮು, ಅದೂ ಕಡಿಮೆ ದರ್ಜೇದು. ಮೂರನ್ನೂ ಒಂದೇ ಕಡೆ ಹೇಗೆ ಹಚ್ಕೊಂಡ್ರಿ?"

ಮಾವ ತಬ್ಬಿಬ್ಬಾಗಿ, "ಅಂಗಿ ಆಮೇಲೆ ಕೊಡ್ತೀನಿ" ಎಂದು ಕಿತ್ತುಕೊಂಡು ಓಡಿದರಂತೆ. ಮರುದಿನ ಅದೇ ಅಂಗಿ ಹಿಡಿದು ಮತ್ತೆ ಬಂದರು. ಆ ವಾರ ನಾಲ್ಕು ಸಲ ಬಂದರು. "ಅಷ್ಟೊಂದು ಕಲೆ ಇತ್ತಾ ಅತ್ತೆ?" ಎಂದು ನಾನು ಕೇಳಿದರೆ, "ಮೂರನೇ ಸಲ ಬೇಕಂತಲೇ ಕಾಫಿ ಚೆಲ್ಕೊಂಡು ಬಂದಿದ್ರು ಕಣೇ. ಇನ್ನೂ ಬಿಸಿ ಇತ್ತು!" ಎನ್ನುತ್ತಾರೆ.

ಮಾವನಿಗೆ ಐವತ್ತಾರು ತುಂಬಿದ ವರ್ಷ ಒಂದು ಜ್ವರ ಬಂತು. ಐದು ದಿನ ಸುಟ್ಟು, ಆರನೇ ದಿನ ಬಿಟ್ಟುಹೋಯಿತು. ಮೈ ಹಗುರವಾಯಿತು, ಕೆಲಸಕ್ಕೂ ಹೋದರು. ಆದರೆ ಭಾನುವಾರ ತಾರಸಿಯಲ್ಲಿ ಮೊಂಡನನ್ನು ಹಚ್ಚಿ ಒಂದು ದಮ್ಮು ಎಳೆದರೆ, ಬಾಯಿಗೆ ಬಂದದ್ದು ಬರೀ ಬಿಸಿಗಾಳಿ. ಕಾಫಿ ಕುಡಿದರೆ ಬರೀ ಬಿಸಿನೀರು, ಕೊನೆಯಲ್ಲಿ ಒಂದಿಷ್ಟು ಕಹಿ, ಒಂದಿಷ್ಟು ಉಪ್ಪು. ಮಾವ ಲೋಟದೊಳಗೆ ಇಣುಕಿದರು. ಮತ್ತೆ ಎಳೆದರು. ವಾಸನೆಯೆಂಬುದೇ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ನೆಗಡಿ ಇರಬೇಕು, ಹೋಗುತ್ತದೆ ಎಂದುಕೊಂಡರು. ಎಂದಿನಂತೆ ಕಣ್ಣು ಮುಚ್ಚಿ "ಆಹಾ" ಎಂದರು. ಮುಂದಿನ ಭಾನುವಾರವೂ ಆಹಾ, ಅದರ ಮುಂದಿನ ಭಾನುವಾರವೂ ಆಹಾ.

ಮಾವನಿಗೆ ಮೂಗು ಬೇಕಾಗಿದ್ದದ್ದು ಭಾನುವಾರಕ್ಕೆ ಮಾತ್ರವಲ್ಲ. ಕಟ್ಟಡದ ತುದಿಯಲ್ಲಿರುವ ಮೋಟಾರು ಕೋಣೆಗೆ ಕಾಲಿಟ್ಟೊಡನೆ, ದೀಪ ಹಾಕುವ ಮೊದಲೇ, ಅವರಿಗೆ ಅರ್ಧ ರೋಗ ತಿಳಿಯುತ್ತಿತ್ತು. ಕಾದ ಗ್ರೀಸಿನ ವಾಸನೆ ಬೇರೆ, ಸುರುಳಿ ತಂತಿಯ ವಾರ್ನಿಷು ಬೇಯುವ ವಾಸನೆ ಬೇರೆ, ಬ್ರೇಕು ಸವೆಯುವ ವಾಸನೆ ಬೇರೆ. ಜ್ವರ ಬಿಟ್ಟ ನಾಲ್ಕನೇ ವಾರ ಒಂದು ಕಚೇರಿಯ ಮೋಟಾರು ಕೋಣೆಯಲ್ಲಿ ಮಂಡಿಯೂರಿ ಕೂತು ತಿರುಪು ಬಿಗಿಯುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ಕಾವಲುಗಾರ, "ಮೇಸ್ತ್ರಿ, ಏನೋ ಸುಟ್ಟ ವಾಸನೆ ಹೊಡೀತಿದೆಯಲ್ಲ" ಎಂದ. ಮಾವ ತಲೆಯೆತ್ತಿ ನೋಡಿದರೆ, ಅವರ ಮೂಗಿನಿಂದ ಎರಡು ಮೊಳ ದೂರದಲ್ಲೇ ಬ್ರೇಕಿನ ಡ್ರಮ್ಮು ಹೊಗೆಯಾಡುತ್ತಿತ್ತು. ಬ್ರೇಕು ಪೂರ್ತಿ ಬಿಡದೆ ಉಜ್ಜುತ್ತಿತ್ತು. ಸ್ವಿಚ್ಚು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ಐದು ಮಹಡಿ ಹತ್ತುವಾಗ ಅವರು ನನ್ನ ಮನೆಯ ಬಾಗಿಲ ಬಳಿ ನಿಂತು ಎಂದಿನ ತಮಾಷೆ ಮಾಡಲಿಲ್ಲ. ತಲೆ ಬಗ್ಗಿಸಿ ಹೋದರು.

ಅತ್ತೆಗೆ ಅಷ್ಟರಲ್ಲಿ ಅನುಮಾನ ಬಂದಿತ್ತು. ತೋಳಿನ ಮೇಲೆ ಹಾಲು ಚೆಲ್ಲಿ ಹುಳಿಯಾಗಿದ್ದ ಅಂಗಿಯನ್ನೇ ಮಾವ ಮರುದಿನವೂ ತೊಟ್ಟು ಹೊರಟಿದ್ದರು. ಒಬ್ಬರ ಮೂಗಿನ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರುವ ಮನೆ ಅದು. ಭಾನುವಾರ ಅತ್ತೆ ಸಂಭಾವಿತನ ಪಕ್ಕದಲ್ಲಿ ಲೋಟವಿಟ್ಟು, ಬಟಾಣಿ ಬಿಡಿಸುತ್ತಾ ಕೂತರು. ಮಾವ ಒಂದು ಗುಟುಕು ಕುಡಿದರು.

"ಹೇಗಿದೆ ರಮ್ಮು?"

"ಆಹಾ. ಇವತ್ತಿಂದು ಭೇಷಾಗಿದೆ ಕಣೇ. ಸ್ವಲ್ಪ ಹಳೇ ಸರಕು ಅನ್ಸತ್ತೆ."

"ಹೌದು, ಬೆಳಿಗ್ಗೆ ಉಳಿದಿದ್ದನ್ನೇ ಬಿಸಿ ಮಾಡಿದ್ದು. ಕಪ್ಪು ಚಹಾ ಅದು."

ಮಾವ ಲೋಟ ಕೆಳಗಿಟ್ಟರು. ಅತ್ತೆಗೆ ಮೊದಲು ನಗು ಬಂತು, ತಡೆಯಲಾರದಷ್ಟು. ಮಡಿಲಿನ ಬಟಾಣಿಯೆಲ್ಲ ತಾರಸಿಯ ಮೇಲೆ ಉರುಳಿತು. ಆಮೇಲೆ ಮಾವನ ಮುಖ ನೋಡಿ ನಗು ನಿಂತಿತು.

"ಎಷ್ಟು ದಿನದಿಂದ?"

"ಜ್ವರ ಬಂದಾಗಿನಿಂದ."

"ನನ್ನ ಹತ್ರ ಹೇಳೋಕೇನಾಗಿತ್ತು ನಿಮಗೆ?"

"ಏನಂತ ಹೇಳ್ಲಿ? ಮೂಗು ಮುಖದ ಮೇಲೇ ಇದೆ. ಕಳೆದುಹೋಯ್ತು ಅಂದ್ರೆ ಯಾರು ನಂಬ್ತಾರೆ?"

ಮರುದಿನವೇ ಅತ್ತೆ ಮಾವನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದರು. ಡಾಕ್ಟರಮ್ಮ ದೀಪ ಬಿಟ್ಟು ಮೂಗಿನೊಳಗೆ ನೋಡಿ, ಜ್ವರದ ನಂತರ ಹೀಗಾಗುವುದುಂಟು, ಬಹಳಷ್ಟು ಜನರಿಗೆ ನಿಧಾನಕ್ಕೆ ಮರಳುತ್ತದೆ, ಖಾತ್ರಿ ಕೊಡಲಾರೆ ಎಂದರು. ಚೆನ್ನಾಗಿ ಪರಿಚಯವಿರುವ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ ಮೂಸಬೇಕು, ಮೂಸುವಾಗ ಅದು ಹೇಗಿತ್ತೆಂದು ನೆನೆಯಬೇಕು. ಅಲ್ಲಿಯವರೆಗೆ ಹೊಗೆ ಬಂದ್.

"ಮೂಸೋದಕ್ಕೆ ಸಿಗಾರು ಇಟ್ಕೋಬಹುದಾ? ಹಚ್ಚಲ್ಲ" ಎಂದು ಮಾವ ಕೇಳಿದರು.

ಡಾಕ್ಟರಮ್ಮ ಅತ್ತೆಯ ಕಡೆ ನೋಡಿದರು. "ಹಚ್ಚಿದ್ರೆ ನನಗೆ ಗೊತ್ತಾಗತ್ತೆ" ಎಂದರು ಅತ್ತೆ. ಅದು ಯಾವ ವೈದ್ಯಕೀಯ ಪರೀಕ್ಷೆಗಿಂತಲೂ ಗಟ್ಟಿಯಾದ ಭರವಸೆ.

ಹಾಗೆ ಶುರುವಾಯಿತು ನೋಡಿ ಮಾವನ ವನವಾಸ. ಬೆಳಿಗ್ಗೆ ಸಂಜೆ ನಾಲ್ಕು ಶೀಶೆ: ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಮೊಂಡ. ಅತ್ತೆ ಎದುರು ಕೂತು ಪಾಠ ಹೇಳುತ್ತಿದ್ದರು. "ಈಗ ಲವಂಗ. ನೆನಪು ಮಾಡ್ಕೊಳ್ಳಿ. ಹಲ್ಲುನೋವು ಬಂದಾಗ ಕಚ್ಚಿದ್ರಲ್ಲ, ಆ ಲವಂಗ." ಮಾವ ಗಂಭೀರವಾಗಿ ಮೂಸಿ ತಲೆಯಾಡಿಸುವರು. ಏನೂ ಇಲ್ಲ. ಭಾನುವಾರ ನಾಲ್ಕಕ್ಕೆ ಮಾತ್ರ ತಾರಸಿ ತಪ್ಪಲಿಲ್ಲ. ಬನಿಯನ್ನು, ಕುರ್ಚಿ, ಲೋಟ ಎಲ್ಲ ಹಾಗೇ. ಬಾಯಲ್ಲಿ ಹಚ್ಚದ ಸಿಗಾರು. ಎದುರು ಕಟ್ಟಡದ ತಾರಸಿಯಲ್ಲಿ ತುತ್ತೂರಿ ಅಭ್ಯಾಸ ಮಾಡುವ ವಾದ್ಯಗಾರರೊಬ್ಬರಿದ್ದರು, ನಾವೆಲ್ಲ ತುತ್ತೂರಿಯವರು ಎನ್ನುತ್ತಿದ್ದೆವು. ಎರಡು ವಾರ ನೋಡಿ ನೋಡಿ ಅವರಿಗೆ ಕನಿಕರ ಬಂತು. ಮೂರನೇ ವಾರ ಒಂದು ಬೆಂಕಿಪೊಟ್ಟಣ ಹಾರಿ ಬಂದು ಮಾವನ ಕಾಲ ಬಳಿ ಬಿತ್ತು.

"ತಗೊಳ್ಳಿ ಸಾರ್! ಸಂಕೋಚ ಪಟ್ಕೋಬೇಡಿ!"

ಅತ್ತೆ ಎದ್ದು ನಿಂತು ಬೆಂಕಿಪೊಟ್ಟಣವನ್ನು ಬಂದ ದಾರಿಗೇ ಎಸೆದರು. ಅದು ನೇರ ತುತ್ತೂರಿಯ ಬಾಯಿಗೆ ಬಿತ್ತು. ಅದನ್ನು ಹೊರತೆಗೆಯಲು ತುತ್ತೂರಿಯವರು ನಮ್ಮ ಕಟ್ಟಡಕ್ಕೆ ಇಕ್ಕಳ ಕೇಳಿಕೊಂಡು ಬಂದರು. ವಿಷಯ ತಿಳಿದ ಮೇಲೆ ಪ್ರತಿ ಭಾನುವಾರ ಬರಲಾರಂಭಿಸಿದರು. ನಾನೂ ಹತ್ತಿ ಹೋಗುತ್ತಿದ್ದೆ. ಮಾವ ಮೂಸುವುದು, ನಾವು ಮೂವರೂ ಅವರ ಮುಖವನ್ನೇ ನೋಡುವುದು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವಂತೆ.

ಅತ್ತೆ ಪ್ರತಿ ವಾರ ಹೊಸ ಲೋಟ ತರುತ್ತಿದ್ದರು. ನಿಂಬೆ ಹಿಂಡಿದ ಕಪ್ಪು ಚಹಾ. ಕಿತ್ತಳೆ ಸಿಪ್ಪೆ ನೆನೆಸಿದ ಸೋಡಾ. ಸಕ್ಕರೆಯನ್ನು ಬಾಣಲೆಯಲ್ಲಿ ಕಂದಿಸಿ ನೀರು ಹೊಯ್ದು ತಣಿಸಿದ್ದು. ಅಡುಗೆಮನೆಯ ಡಬ್ಬಿಗಳಲ್ಲೇ ಇರುವಂಥವು. ಯಾವ ಲೋಟಕ್ಕೆ ಯಾವ ಸಿಗಾರು ಒಗ್ಗುತ್ತದೆಂದು ಅವರು ಹಚ್ಚದ ಸಿಗಾರನ್ನು ಮೂಸಿಯೇ ಹೇಳುತ್ತಿದ್ದರು. ತುತ್ತೂರಿಯವರು ಮನೆಗೆ ಹೋಗಿ ಆ ಜೋಡಿಯನ್ನು ಸೇದಿ ಕುಡಿದು ಪರೀಕ್ಷಿಸಿ, ಮುಂದಿನ ವಾರ ಬೆರಗಿನಿಂದ ವರದಿ ಒಪ್ಪಿಸುತ್ತಿದ್ದರು. "ಸುಟ್ಟ ಸಕ್ಕರೆ ನೀರಿಗೆ ಮೊಂಡ ಅಂದ್ರಲ್ಲ ಅಮ್ಮಾ, ಹೆಂಗ್ ಹೇಳಿದ್ರಿ? ಒಂದೇ ತಾಯಿ ಮಕ್ಕಳ ಥರ ಇದ್ವು!"

ಮೂರು ತಿಂಗಳು ಕಳೆಯಿತು. ಒಂದು ಮಂಗಳವಾರ ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮೇಲಿನಿಂದ ದಡದಡ ಸದ್ದು. ಅತ್ತೆ ಮೂರು ಮಹಡಿ ಇಳಿದು ಓಡಿ ಬಂದು ಬಾಗಿಲು ಹಿಡಿದು ನಿಂತರು. ಮಾತು ಬರದಷ್ಟು ಏದುಸಿರು.

"ನಾರ್ತಿದೆಯಂತೆ ಕಣೇ!"

"ಏನು ಅತ್ತೆ?"

"ಕಾಫಿ! ಕಾಫಿ ಪುಡಿ ಗಬ್ಬು ನಾರ್ತಿದೆಯಂತೆ ನಿಮ್ಮ ಮಾವಂಗೆ!"

ನಾವಿಬ್ಬರೂ ಒಟ್ಟಿಗೆ ಮೇಲಕ್ಕೆ ಓಡಿದೆವು. ಮಾವ ಶೀಶೆಯನ್ನು ತೋಳಿನಷ್ಟು ದೂರ ಹಿಡಿದು ಮುಖ ಕಿವುಚಿಕೊಂಡಿದ್ದರು. "ರಬ್ಬರು ಸುಟ್ಟ ಹಾಗಿದೆ. ಥೂ, ಹಳೇ ಬೆಲ್ಟು ಬೇಯಿಸಿದಂಗೆ" ಎಂದರು. ಅತ್ತೆ ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ ಮೂಸಿ! ಇನ್ನೂ ನಾರ್ತಿದೆಯಾ?" "ಅಯ್ಯೋ, ವಾಂತಿ ಬರತ್ತೆ ಮಾರಾಯ್ತಿ." "ಬರ್ಲಿ ಬಿಡ್ರಿ!" ಒಳ್ಳೆಯ ಕಾಫಿ ನಾರುತ್ತದೆಂದು ಒಂದು ಮನೆಯಲ್ಲಿ ಅಷ್ಟು ಸಂಭ್ರಮಪಟ್ಟಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಮರಳುವ ಮೂಗು ಮೊದಮೊದಲು ಹೀಗೆ ಅಡ್ಡಾದಿಡ್ಡಿ ಮಾತಾಡುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಿಜವೇ. ನಿಂಬೆ ಒಂದು ವಾರ ಸಾಬೂನಾಯಿತು, ಆಮೇಲೆ ನಿಂಬೆಯಾಯಿತು. ಲವಂಗ ಲವಂಗವಾಗಿಯೇ ಬಂತು. ಕಾಫಿ ಮಾತ್ರ ಹಟ ಹಿಡಿದು ರಬ್ಬರಾಗಿಯೇ ಉಳಿಯಿತು. ಮಾವನ ಮೂವತ್ತು ವರ್ಷದ ಜೊತೆ, ಮೊಂಡ ಮತ್ತು ಕಾಫಿ, ಅಲ್ಲಿಗೆ ಮುರಿಯಿತು. ಅದಕ್ಕೆ ಅವರು ಎರಡು ದಿನ ಮಂಕಾಗಿದ್ದದ್ದೂ ನಿಜ. ಆದರೆ ಮೋಟಾರು ಕೋಣೆಗಳು ಒಂದೊಂದಾಗಿ ಮತ್ತೆ ಮಾತಾಡತೊಡಗಿದವು. ಒಂದು ದಿನ ಬಂದು, "ಇವತ್ತು ಬಾಗಿಲು ತೆಗೆದ ತಕ್ಷಣ ಗ್ರೀಸು ಬಂತು ಕಣೇ, ಹಳೇ ಸ್ನೇಹಿತ ಹೆಗಲ ಮೇಲೆ ಕೈ ಹಾಕ್ದಂಗಾಯ್ತು" ಎಂದರು.

ಹೊಗೆಯ ನಿಷೇಧ ತೆಗೆದದ್ದು ಏಳು ತಿಂಗಳ ಮೇಲೆ. ಡಾಕ್ಟರಮ್ಮನಿಗೆ ಅದು ಇಷ್ಟವೇನೂ ಇರಲಿಲ್ಲ. ಬಿಟ್ಟರೇ ಒಳ್ಳೆಯದು, ಬಿಡದಿದ್ದರೆ ವಾರಕ್ಕೊಂದನ್ನು ದಾಟಬೇಡಿ ಎಂದರು. ಆ ಭಾನುವಾರ ನಾವೆಲ್ಲ ನಾಲ್ಕಕ್ಕೆ ಮುಂಚೆಯೇ ತಾರಸಿಯಲ್ಲಿದ್ದೆವು. ಮಾವ ಮೊಂಡನನ್ನು ಕೈಗೆತ್ತಿಕೊಂಡರೆ ಅತ್ತೆ ಕಿತ್ತಿಟ್ಟರು.

"ಅದು ಬೇಡ. ಕಾಫಿ ಇಲ್ದೆ ಅವನು ಗೋಳೋ ಅಂತಾನೆ. ಇವತ್ತು ಸಿಡುಕ."

"ಸಿಡುಕನಾ? ಅವನನ್ನ ನಾನು ಸೋಡಾ ಇದ್ದಾಗ ಬಿಟ್ರೆ ಮುಟ್ಟಿದವನಲ್ಲ."

"ನಿಮ್ಮದು ಈಗ ಹೊಸ ಮೂಗು. ಹಳೇ ಲೆಕ್ಕ ಎಲ್ಲ ಬಿಡಿ."

ಲೋಟದಲ್ಲಿ ಸೇಬಿನ ಸಿಪ್ಪೆಯ ನೀರಿತ್ತು. ಅತ್ತೆ ಸಿಪ್ಪೆ ಎಸೆಯುವವರಲ್ಲ. ನಾಲ್ಕು ಹುಳಿ ಸೇಬಿನ ಸಿಪ್ಪೆಗೆ ಎರಡು ಲವಂಗ ಹಾಕಿ ಕುದಿಸಿ, ತಣಿಸಿ, ಒಂದು ಚಮಚ ರಮ್ಮು ಬೆರೆಸಿದ್ದರು. ನಸುಗೆಂಪು ಬಣ್ಣ. ಮಾವ ಒಂದು ಗುಟುಕು ಕುಡಿದು, ಸಿಡುಕನನ್ನು ಹಚ್ಚಿ, ಎಳೆದು, ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಹಾ ಎನ್ನಲಿಲ್ಲ. ತುತ್ತೂರಿಯವರು ಉಸಿರು ಹಿಡಿದಿದ್ದರು. ಮಾವ ಇನ್ನೊಂದು ಗುಟುಕು ಕುಡಿದರು, ಇನ್ನೊಮ್ಮೆ ಎಳೆದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು, ಬಹಳ ಮೆಲ್ಲಗೆ, ಹಕ್ಕಿಗಳನ್ನು ಓಡಿಸಬಾರದೆಂಬಂತೆ.

"ಮರ... ಹಸಿಮರ ಅಲ್ಲ, ಬಡಗಿ ಅಂಗಡಿ ಮುಂದೆ ಹೋದ ಹಾಗೆ. ಆಮೇಲೆ ಹುರಿದ ಕಡ್ಲೆಕಾಯಿ ಸಿಪ್ಪೆ. ಸೇಬು ಅದರ ಹಿಂದೆ ನಿಂತಿದೆ. ನಾಲಿಗೆ ಚುರುಕ್ಕು ಅನ್ನೋ ಹೊತ್ತಿಗೆ ಮುಂದೆ ಬಂದು ಸಮಾಧಾನ ಮಾಡ್ತಿದೆ. ಏ, ಇವನು ಇಷ್ಟು ವರ್ಷ ಇಷ್ಟೆಲ್ಲ ಇಟ್ಕೊಂಡು ಸುಮ್ಮನಿದ್ನಾ?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹೊಗೆ ಈ ಕಡೆ ಬರ್ತಿದೆ" ಎಂದು ಕುರ್ಚಿ ಎಳೆದುಕೊಂಡರು. ಗಾಳಿ ಬೀಸುತ್ತಿದ್ದದ್ದು ಮಾತ್ರ ಇನ್ನೊಂದು ಕಡೆಗೆ. ತುತ್ತೂರಿಯವರು ತಮ್ಮ ತಾರಸಿಗೆ ಓಡಿಹೋಗಿ, ಇಡೀ ಬೀದಿ ಕಿಟಕಿ ತೆಗೆದು ನೋಡುವಂತೆ ಊದಿದರು.

ಆ ಸದ್ದಿಗೆ ಕಾರಣ ವಿಚಾರಿಸಿದವರಲ್ಲಿ ಡಬ್ಬಿಯಕ್ಕನೂ ಒಬ್ಬಳು. ಸೇಬಿನ ನೀರಿನ ಕಥೆ ಕೇಳಿದ ಮರುದಿನ ಅವಳು ಅತ್ತೆಯನ್ನು ಲಾಂಡ್ರಿಯ ದಾರಿಯಲ್ಲೇ ಅಡ್ಡ ಹಾಕಿದಳು. "ಸಿಗಾರು ತಗೊಳ್ಳೋರು ಜೊತೆಗೇನು ಕುಡೀಬೇಕು ಅಂತ ನನ್ನ ಕೇಳ್ತಾರೆ. ನಂಗೇನ್ ಗೊತ್ತು? ಶನಿವಾರ ಮಧ್ಯಾಹ್ನ ಒಂದೆರಡು ಗಂಟೆ ಬಂದು ಕೂತ್ಕೊಳ್ಳಿ ಅಕ್ಕಾ. ಕುರ್ಚಿ ಹಾಕ್ತೀನಿ." ಅತ್ತೆ ಮೊದಲು ನಕ್ಕರು. ಒಂದು ದಮ್ಮು ಎಳೆಯದವಳು ಸಿಗಾರಿಗೆ ಸಲಹೆ ಕೊಡುವುದೇ? "ಈಜು ಬಾರದವಳು ದೋಣಿ ನಡೆಸೋಕಾಗಲ್ವಾ? ಹೋಗು" ಎಂದರು ಮಾವ.

ಈಗ ಮಾವ ನಿವೃತ್ತರು. ಅತ್ತೆ ಲಾಂಡ್ರಿ ಬಿಟ್ಟಿದ್ದಾರೆ, ಶನಿವಾರದ ಕುರ್ಚಿ ಬಿಟ್ಟಿಲ್ಲ. ಗಿರಾಕಿ ಬಂದರೆ ಅವರು ಕೇಳುವುದು ಒಂದೇ ಪ್ರಶ್ನೆ: "ಚಹಾ ಹೇಗೆ ಕುಡೀತೀರಿ?" ಸಕ್ಕರೆ ಎಷ್ಟು, ಹಾಲು ಇದೆಯೋ ಇಲ್ಲವೋ, ಬಿಸಿಯೋ ಆರಿದ್ದೋ, ಅಷ್ಟರಿಂದಲೇ ಅವರಿಗೆ ಆ ಮನುಷ್ಯನ ನಾಲಿಗೆ ತಿಳಿಯುತ್ತದೆ. ಹೋದ ತಿಂಗಳು ನಾನೂ ಅಲ್ಲೇ ನಿಂತಿದ್ದೆ. ಬಸ್ಸಿನ ಟಿಕೆಟ್ ತಪಾಸಣೆ ಮಾಡುವ ಹೆಂಗಸೊಬ್ಬರು ಬಂದರು. ಸಮವಸ್ತ್ರ, ಬಿಗಿದ ಮುಖ. ಗಂಡನಿಗೆ ಅರವತ್ತಾಗುತ್ತಿದೆ, ಏನಾದರೂ ಹೊಸತು ಕೊಡಬೇಕೆಂದರು. ಅತ್ತೆ ಆಕೆಯ ಗಂಡ ಚಹಾ ಹೇಗೆ ಕುಡಿಯುತ್ತಾರೆಂದು ವಿಚಾರಿಸಿ, ಸಂಭಾವಿತನೊಂದನ್ನು ಕೊಟ್ಟು, ಕಿತ್ತಳೆ ಸಿಪ್ಪೆಯ ಸೋಡಾ ಮಾಡುವುದನ್ನು ಹೇಳಿಕೊಟ್ಟರು.

ಮುಂದಿನ ಶನಿವಾರ ಆಕೆ ಮತ್ತೆ ಬಂದರು. ಮುಖದ ಬಿಗಿ ಸಡಿಲಿತ್ತು.

"ಯಜಮಾನ್ರಿಗೆ ಹಿಡಿಸ್ತಾ?" ಎಂದು ಅತ್ತೆ ಕೇಳಿದರು.

"ಸೋಡಾ ತುಂಬ ಹಿಡಿಸ್ತು. ಮೂರು ಲೋಟ ಕುಡಿದ್ರು" ಎಂದು ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸಿಗಾರು ಸೇದಿ ಅವ್ರಿಗೆ ಕೆಮ್ಮು ಬಂತು. ಎಸೆಯೋದ್ಯಾಕೆ ಅಂತ ನಾನೇ ಸೇದ್ದೆ. ಇನ್ನೊಂದು ಇದೆಯಾ?"

ಡಬ್ಬಿಯಕ್ಕ ಡಬ್ಬಿ ತೆರೆದಳು. ಅತ್ತೆ ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡು, "ಹಾಗಾದ್ರೆ ಈಗ ನಿಮ್ಮ ಚಹಾ ಹೇಗೆ ಅಂತ ಹೇಳಿ" ಎಂದರು.